ಊರೇ ಪಾಠಶಾಲೆಯಾದಾಗ

ಸಿಂಧನೂರಿನ ಆರ್.ಎಚ್. ಕ್ಯಾಂಪ್ ಎಂದರೆ ನಮ್ಮ ಕಡೆಯವರಿಗೆ ಸಾಸಿವೆ ಎಣ್ಣೆ, ಮೀನು, ದುರ್ಗಾಪೂಜೆ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿಗಳು ತುಂಗಭದ್ರಾ ನಾಲೆಯ ಸೀಮೆಯಲ್ಲಿ ನೆಲೆನಿಂತ ಊರುಗಳಿವು. ಹಳೇ ಸೀರೆಗಳನ್ನು ಪದರ ಪದರವಾಗಿಟ್ಟು ಹೊಲಿಯುವ ಬಂಗಾಳಿ ಕಾಂಥಾ ನಮ್ಮ ಕೌದಿಯ ತಂಗಿಯೇ ಸರಿ!

ಈ ಕ್ಯಾಂಪುಗಳಿಗೆ ಸಮಾಜಸೇವೆ ಓದುವ ಹುಡುಗ ಹುಡುಗಿಯರು ಬರುತ್ತಾರೆ. ಮನೆಯಲ್ಲಿ ಎಷ್ಟು ಜನ, ಕಕ್ಕಸು ಇದೆಯೇ ಎಂದು ಕೇಳಿ ಬರ್ಕೊಂಡು ಹೋಗ್ತಾರೆ. ಆಮೇಲೆ ಸುದ್ದಿಯೇ ಇಲ್ಲ. ಅದು ಯಾವ ಸೀಮೆ ಕಲಿಕೆ, ಸೋದರಿಯರೇ?

ಬಂಗಾಳದಲ್ಲೇ ಬೇರೆ ದಾರಿ ಇತ್ತು. ರವೀಂದ್ರನಾಥ ಠಾಕೂರರು 1922ರಲ್ಲಿ ಶಾಂತಿನಿಕೇತನದ ಪಕ್ಕದ ಸುರುಲ್ ಹಳ್ಳಿಯಲ್ಲಿ ಗ್ರಾಮೋದ್ಧಾರದ ಕೇಂದ್ರ ತೆರೆದರು. ಅದೇ ಶ್ರೀನಿಕೇತನ, ವಿಶ್ವಭಾರತಿಯ ಅಂಗ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಬೇಸಾಯ ಓದಿದ್ದ ಇಂಗ್ಲಿಷ್ ತರುಣ ಲೆನಾರ್ಡ್ ಎಲ್ಮ್‌ಹರ್ಸ್ಟ್ ಅದರ ಮೊದಲ ಮುಂದಾಳು. ಹಣ ಕೊಟ್ಟಾಕೆ ಅಮೆರಿಕದ ಡೊರೊತಿ ಸ್ಟ್ರೇಟ್. ಮಲೇರಿಯಾ, ಸಾಲ, ಸೊರಗಿದ ಮಣ್ಣು — ಹಳ್ಳಿಯ ಈ ಕಷ್ಟಗಳೇ ವಿದ್ಯಾರ್ಥಿಗಳಿಗೆ ಪಾಠ. ಅವರು ಹಳ್ಳಿಯವರ ಜೊತೆಗೇ ಇದ್ದು ದುಡಿದರು. 1924ರಲ್ಲಿ ಬಡಮಕ್ಕಳಿಗಾಗಿ ಶಿಕ್ಷಾಸತ್ರ ಶುರುವಾಯಿತು. ಅಲ್ಲಿ ತೋಟದ ಕೆಲಸ, ಕೈಕಸುಬೂ ಓದಿನ ಭಾಗ.

ನನಗೆ ಹಿಡಿಸಿದ್ದು ಮುಂದಿನ ಮಾತು. ಲೆನಾರ್ಡ್ ಮತ್ತು ಡೊರೊತಿ ಮದುವೆಯಾಗಿ, 1925ರಲ್ಲಿ ಇಂಗ್ಲೆಂಡಿನ ಡಾರ್ಟಿಂಗ್ಟನ್‌ನಲ್ಲಿ ಪಾಳು ಜಮೀನು ಕೊಂಡು ಅಂಥದೇ ಪ್ರಯೋಗ ಹೂಡಿದರು. ಕಲಿಸಲು ಬಂದವರು ಕಲಿತೂ ಹೋದರು!

ನಮ್ಮ ಕ್ಯಾಂಪಿಗೆ ಬರುವ ಮಕ್ಕಳೂ ಒಂದು ನಾಟಿಯ ಹಂಗಾಮು ಇಲ್ಲೇ ಉಳಿಯಲಿ. ಮಲಗಲು ಜಾಗ, ಹೊದೆಯಲು ಕಾಂಥಾ, ಉಣ್ಣಲು ಅನ್ನ ಮೀನುಸಾರು ಸಿಕ್ಕೇ ಸಿಗುತ್ತದೆ.