ಮೌಸ್ ಇಲ್ಲದೆ ವಿಮ್‌ನಲ್ಲಿ ಓಡಾಡುವುದು ಹೇಗೆ?

ನಮ್ಮ ಸಂಘದ ಭಾನುವಾರದ ಕಂಪ್ಯೂಟರ್ ತರಗತಿಗೆ ಬರುವವರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿದವರು. ಹೊಸೂರಿನಿಂದ ಅತ್ತಿಬೆಲೆ ದಾಟಿ ಬೆಂಗಳೂರಿನ ಕಂಪನಿಗಳಿಗೆ ಸೇರಿದ ಮೇಲೆ ಎದುರಾಗುವ ಒಂದು ತೊಡಕಿನ ಬಗ್ಗೆ ಹಲವರು ಕೇಳಿದ್ದರಿಂದ ಈ ಬರಹ. ಸರ್ವರ್‌ಗೆ ದೂರದಿಂದ ಲಾಗಿನ್ ಆದರೆ ಅಲ್ಲಿ ಸಾಮಾನ್ಯವಾಗಿ ಕಪ್ಪು ತೆರೆ, ಮಿನುಗುವ ಕರ್ಸರ್ ಅಷ್ಟೇ. ಲಿನಕ್ಸ್ ಸರ್ವರ್‌ನಲ್ಲಿ ಕೈಗೆ ಸಿಗುವ ಎಡಿಟರ್ ಬಹುಪಾಲು ವಿಐ, ಇಲ್ಲವೇ ಅದರ ಸುಧಾರಿತ ರೂಪವಾದ ವಿಮ್. ಸಾವಿರಾರು ಸಾಲಿನ ಪ್ರೋಗ್ರಾಂ ತೆರೆದು ಬಾಣದ ಕೀ ಒತ್ತಿಹಿಡಿದು ಕೂತರೆ, ತಪ್ಪು ಸಿಗುವಷ್ಟರಲ್ಲಿ ಊಟದ ಹೊತ್ತು ಮೀರಿರುತ್ತದೆ.

ವಿಐಯನ್ನು 1976ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಬಿಲ್ ಜಾಯ್ ಬರೆದರು. ಅವರು ಬಳಸುತ್ತಿದ್ದ ಎಡಿಎಂ-3ಎ ಟರ್ಮಿನಲ್‌ನಲ್ಲಿ ಬಾಣಕ್ಕೆಂದು ಬೇರೆ ಕೀ ಇರಲಿಲ್ಲ. ಎಚ್, ಜೆ, ಕೆ, ಎಲ್ ಅಕ್ಷರಗಳ ಮೇಲೆಯೇ ಬಾಣಗಳು ಅಚ್ಚಾಗಿದ್ದವು. ಎಡಕ್ಕೆ, ಕೆಳಕ್ಕೆ, ಮೇಲಕ್ಕೆ, ಬಲಕ್ಕೆ. 1991ರಲ್ಲಿ ನೆದರ್ಲೆಂಡ್ಸಿನ ಬ್ರಾಮ್ ಮೂಲೆನಾರ್ ಹೊರತಂದ ವಿಮ್‌ನಲ್ಲೂ ಹಾಗೇ ಉಳಿಯಿತು. ಟೈಪಿಂಗ್ ಕಲಿತ ನಮ್ಮ ಕಾಲದವರಿಗೆ ಇದು ಬೇಗ ಹಿಡಿಸುತ್ತದೆ: ಬಲಗೈ ಬೆರಳು ಇರಬೇಕಾದ ಸಾಲಿನಲ್ಲೇ ನಾಲ್ಕೂ ಇವೆ. ಎಸ್ಕೇಪ್ ಒತ್ತಿದ ಮೇಲೆ ಕೀಗಳು ಅಕ್ಷರ ಮೂಡಿಸುವುದಿಲ್ಲ, ಅಪ್ಪಣೆ ಪಾಲಿಸುತ್ತವೆ. ಐ ಒತ್ತಿದರೆ ಮತ್ತೆ ಬರೆಯಬಹುದು.

ಆದರೆ ಆ ನಾಲ್ಕರಲ್ಲೇ ನಿಂತರೆ ಬಾಣದ ಕೀಗಿಂತ ಹೆಚ್ಚಿನ ಲಾಭವಿಲ್ಲ. ಹೋಗಬೇಕಾದ ಜಾಗವನ್ನೇ ಹೇಳುವುದನ್ನು ಕಲಿಯಬೇಕು. 412ನೇ ಸಾಲಿನಲ್ಲಿ ತಪ್ಪಿದೆ ಎಂದು ಕಂಪೈಲರ್ ಹೇಳಿತೆನ್ನಿ. 412 ಒತ್ತಿ, ಕ್ಯಾಪಿಟಲ್ ಜಿ ಒತ್ತಿ. ನೇರ ಅಲ್ಲಿಗೇ ಬಂದಿರಿ. ಸಾಲಿನೊಳಗೆ ಪದದಿಂದ ಪದಕ್ಕೆ ಡಬ್ಲ್ಯೂ, ಹಿಂದಕ್ಕೆ ಬಿ. ಅನುಮಾನದ ವೇರಿಯಬಲ್ ಮೇಲೆ ನಿಂತು ನಕ್ಷತ್ರ ಚಿಹ್ನೆ ಒತ್ತಿದರೆ ಅದೇ ಹೆಸರು ಮುಂದೆ ಬರುವ ಜಾಗ ಸಿಗುತ್ತದೆ. ಎನ್ ಒತ್ತುತ್ತಾ ಹೋದರೆ ಉಳಿದವು ಒಂದೊಂದಾಗಿ. ಆವರಣ ಚಿಹ್ನೆಯ ಮೇಲೆ ಶೇಕಡಾ ಚಿಹ್ನೆ ಒತ್ತಿದರೆ ಅದರ ಜೋಡಿ ಎಲ್ಲಿದೆಯೋ ಅಲ್ಲಿಗೆ. ನಾಲ್ಕು ಪುಟದ ಫಂಕ್ಷನ್ ಎಲ್ಲಿ ಮುಗಿಯಿತು ಎಂದು ತಿಳಿಯಲು ಬೇರೆ ಉಪಾಯ ಬೇಕಿಲ್ಲ. ಹೆಸರು ಮಾತ್ರ ನೆನಪಿದ್ದರೆ ಓರೆಗೆರೆ ಒತ್ತಿ, ಹೆಸರು ಟೈಪ್ ಮಾಡಿ, ಎಂಟರ್.

ಸರ್ಕಾರಿ ಕಚೇರಿಯಲ್ಲಿ ದುಡಿದವರಿಗೆ ಫ್ಲ್ಯಾಗ್ ಎಂದರೆ ಗೊತ್ತು. ದಪ್ಪ ಕಡತದಲ್ಲಿ ಸಾಹೇಬರು ನೋಡಬೇಕಾದ ಹಾಳೆಗೆ ‘ಎ’, ‘ಬಿ’ ಎಂದು ಚೀಟಿ ಸಿಕ್ಕಿಸುತ್ತಿದ್ದೆವು. ವಿಮ್‌ನಲ್ಲೂ ಅದೇ ಪದ್ಧತಿ. ಎಂ, ಆಮೇಲೆ ಎ ಒತ್ತಿದರೆ ಆ ಸಾಲಿಗೆ ಚೀಟಿ ಬಿತ್ತು. ಎಷ್ಟು ದೂರ ಹೋಗಿದ್ದರೂ ಒಂಟಿ ಉದ್ಧರಣ ಚಿಹ್ನೆ, ಆಮೇಲೆ ಎ ಒತ್ತಿದರೆ ವಾಪಸ್ಸು. ಸಣ್ಣಕ್ಷರದ ಚೀಟಿ ಆ ಒಂದು ಫೈಲಿಗೆ ಮಾತ್ರ. ಕ್ಯಾಪಿಟಲ್ ಅಕ್ಷರವಾದರೆ ಬೇರೆ ಫೈಲಿನಿಂದಲೂ ಕರೆಯಬಹುದು.

ಚೀಟಿ ಹಾಕದೆ ಹೋಗಿದ್ದರೂ ಕಂಟ್ರೋಲ್ ಹಿಡಿದು ಓ ಒತ್ತಿದರೆ ಹಿಂದಿನ ಜಾಗ ಸಿಗುತ್ತದೆ, ಕಂಟ್ರೋಲ್ ಮತ್ತು ಐ ಒತ್ತಿದರೆ ಮತ್ತೆ ಮುಂದಕ್ಕೆ. ದೊಡ್ಡ ಜಿಗಿತಗಳನ್ನೆಲ್ಲ ವಿಮ್ ಬರೆದಿಟ್ಟುಕೊಂಡಿರುತ್ತದೆ. ಜೆ, ಕೆ ಒತ್ತಿ ಸರಿದದ್ದು ಲೆಕ್ಕಕ್ಕಿಲ್ಲ. ಇದೊಂದನ್ನು ಮೊದಲು ರೂಢಿ ಮಾಡಿಕೊಳ್ಳಿ ಎಂಬುದು ನಮ್ಮ ಸಲಹೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಕೋಡ್ ಬರೆಯುವುದಕ್ಕಿಂತ ಬೇರೆಯವರು ಬರೆದದ್ದನ್ನು ಓದುವುದೇ ಹೆಚ್ಚು. ಹಿಂತಿರುಗುವ ದಾರಿ ಗೊತ್ತಿದ್ದವರು ಅಂಜದೆ ಒಳಗೆ ಹೋಗುತ್ತಾರೆ.

ಕನ್ನಡದಲ್ಲೂ ಟೈಪ್ ಮಾಡುವವರಿಗೆ ಒಂದು ಮಾತು. ಕೀಲಿಮಣೆ ಕನ್ನಡಕ್ಕೆ ಹೊಂದಿಸಿದ್ದಾಗ ಜೆ ಒತ್ತಿದರೂ ವಿಮ್‌ಗೆ ತಲುಪುವುದು ಕನ್ನಡದ ಅಕ್ಷರ; ಅದನ್ನು ಅಪ್ಪಣೆ ಎಂದು ಅದು ತಿಳಿಯುವುದಿಲ್ಲ. ಇಂಗ್ಲಿಷಿಗೆ ಬದಲಿಸಿಕೊಂಡು ಓಡಾಡಿ. ಉಳಿಸದೆ ಹೊರಬರಲು ಎಸ್ಕೇಪ್, ಕೋಲನ್, ಕ್ಯೂ, ಆಶ್ಚರ್ಯಸೂಚಕ ಚಿಹ್ನೆ, ಎಂಟರ್.

ವಿಮ್ ಪೂರ್ತಿಯಾಗಿ ಇನ್‌ಸ್ಟಾಲ್ ಆಗಿರುವ ಕಂಪ್ಯೂಟರ್‌ನಲ್ಲಿ ವಿಮ್‌ಟ್ಯೂಟರ್ ಎಂಬ ಪಾಠವೂ ಇರುತ್ತದೆ, ಸುಮಾರು ಅರ್ಧ ಗಂಟೆಯದು. ಅದನ್ನು ಒಮ್ಮೆ ಮುಗಿಸಿ ಭಾನುವಾರ ಬನ್ನಿ. ಬರುವಾಗ ನಿಮ್ಮದೇ ಒಂದು ಉದ್ದನೆಯ ಪ್ರೋಗ್ರಾಂ ತನ್ನಿ, ಮೌಸ್ ಮನೆಯಲ್ಲೇ ಇರಲಿ.