ಯಾರದೂ ಅಲ್ಲದ ಕಡಲಿಗೆ ಕಾನೂನಿನ ಕಾವಲು

ತೀರದಿಂದ 200 ನಾಟಿಕಲ್ ಮೈಲಿ, ಎಂದರೆ ಸುಮಾರು 370 ಕಿ.ಮೀ. ದಾಟಿದ ನಂತರ ಸಮುದ್ರದ ನೀರಿನ ಮೇಲೆ ಯಾವ ರಾಷ್ಟ್ರಕ್ಕೂ ಒಡೆತನವಿಲ್ಲ. ಭೂಗೋಳದ ಮೇಲ್ಮೈಯ ಹೆಚ್ಚುಕಡಿಮೆ ಅರ್ಧದಷ್ಟನ್ನು ಆವರಿಸಿರುವ ಈ 'ಮುಕ್ತ ಸಾಗರ'ದ ಜೀವವೈವಿಧ್ಯ ರಕ್ಷಣೆಗೆಂದೇ ರೂಪುಗೊಂಡ ಮೊದಲ ಜಾಗತಿಕ ಒಪ್ಪಂದ 2026ರ ಜನವರಿ 17ರಂದು ಜಾರಿಗೆ ಬಂದಿತು. ವಿಶ್ವಸಂಸ್ಥೆಯಲ್ಲಿ ಸುಮಾರು ಎರಡು ದಶಕಗಳ ಕಾಲ ನಡೆದ ಚರ್ಚೆ, ಹಗ್ಗಜಗ್ಗಾಟಗಳ ಫಲವಿದು. 2023ರ ಜೂನ್ 19ರಂದು ನ್ಯೂಯಾರ್ಕ್‌ನಲ್ಲಿ ಅಂಗೀಕಾರವಾದ ಒಪ್ಪಂದಕ್ಕೆ ಅಗತ್ಯವಿದ್ದ 60 ರಾಷ್ಟ್ರಗಳ ಅನುಮೋದನೆ 2025ರ ಸೆಪ್ಟೆಂಬರ್‌ನಲ್ಲಿ ಪೂರ್ಣಗೊಂಡಿತ್ತು.

ಹಳೆಯ ಕಾನೂನಿನ ಬಿರುಕು

ವಿಶ್ವಸಂಸ್ಥೆಯ 1982ರ ಸಮುದ್ರ ಕಾನೂನು ಒಪ್ಪಂದವನ್ನು ಸಾಗರಗಳ ಸಂವಿಧಾನವೆಂದೇ ಕರೆಯುವುದುಂಟು. ಅದು ತೀರದ ರಾಷ್ಟ್ರಕ್ಕೆ 12 ನಾಟಿಕಲ್ ಮೈಲಿಯವರೆಗೆ ಪ್ರಾದೇಶಿಕ ಸಮುದ್ರವನ್ನೂ, 200 ಮೈಲಿಯವರೆಗೆ ಅನನ್ಯ ಆರ್ಥಿಕ ವಲಯವನ್ನೂ ನೀಡಿತು. ಅದರಾಚೆಯ ನೀರಿಗೆ ಅನ್ವಯಿಸುವುದು ಸ್ವಾತಂತ್ರ್ಯದ ತತ್ವ. ಹಡಗು ನಡೆಸಲು, ಮೀನು ಹಿಡಿಯಲು, ಸಂಶೋಧನೆ ಕೈಗೊಳ್ಳಲು ಎಲ್ಲರಿಗೂ ಅವಕಾಶವುಂಟು. ರಾಷ್ಟ್ರಗಳ ವ್ಯಾಪ್ತಿಯಾಚೆಗಿನ ಸಾಗರತಳದ ಖನಿಜಗಳಿಗೆ ಮಾತ್ರ ಬೇರೆ ನಿಯಮ. ಅವು 'ಮಾನವಕುಲದ ಸಮಾನ ಆಸ್ತಿ'. ಜಮೈಕಾದ ಕಿಂಗ್‌ಸ್ಟನ್‌ನಲ್ಲಿರುವ ಅಂತರರಾಷ್ಟ್ರೀಯ ಸಾಗರತಳ ಪ್ರಾಧಿಕಾರದ ಒಪ್ಪಿಗೆಯಿಲ್ಲದೆ ಒಪ್ಪಂದಕ್ಕೆ ಸೇರಿದ ಯಾವ ದೇಶವೂ ಅವನ್ನು ತೆಗೆಯುವಂತಿಲ್ಲ.

ಆದರೆ ಅದೇ ತಳದಲ್ಲಿ ಬದುಕುವ ಜೀವಿಗಳು ಯಾರಿಗೆ ಸೇರಿದ್ದು ಎಂಬ ಪ್ರಶ್ನೆಗೆ 1982ರ ಒಪ್ಪಂದದಲ್ಲಿ ಸ್ಪಷ್ಟ ಉತ್ತರವಿರಲಿಲ್ಲ. 1977ರಲ್ಲಿ ಗಾಲಪಗೋಸ್ ದ್ವೀಪಗಳ ಬಳಿ, ಸುಮಾರು 2,500 ಮೀಟರ್ ಆಳದಲ್ಲಿ, ಬಿಸಿನೀರಿನ ಬುಗ್ಗೆಗಳೂ ಸೂರ್ಯನ ಬೆಳಕಿನ ಹಂಗಿಲ್ಲದೆ ಅವುಗಳ ಸುತ್ತ ಬದುಕುವ ಜೀವಸಮೂಹವೂ ಪತ್ತೆಯಾಗಿದ್ದವು. ಆಳಸಮುದ್ರದ ಇಂಥ ಜೀವಿಗಳ ವಂಶವಾಹಿಗಳು ಔಷಧ ಮತ್ತು ಜೈವಿಕ ತಂತ್ರಜ್ಞಾನ ಉದ್ಯಮಗಳ ಕಣ್ಣಿಗೆ ಬಿದ್ದಾಗ ವಿವಾದ ಹುಟ್ಟಿತು. ಮೊದಲು ತಲುಪಿದವರಿಗೆ ಮೊದಲ ಹಕ್ಕು ಎಂಬ ಧಾಟಿ ಹಲವು ಸಿರಿವಂತ ರಾಷ್ಟ್ರಗಳದು. ಖನಿಜಗಳಂತೆ ಜೀವಿಗಳೂ ಎಲ್ಲರ ಆಸ್ತಿ ಎಂಬ ವಾದ ಅಭಿವೃದ್ಧಿಶೀಲ ರಾಷ್ಟ್ರಗಳದು. ಹೊಸ ಒಪ್ಪಂದವು ತನ್ನ 7ನೇ ವಿಧಿಯಲ್ಲಿ ಎರಡೂ ತತ್ವಗಳಿಗೆ ಸ್ಥಾನ ನೀಡಿ, ತಾತ್ವಿಕ ಜಗಳವನ್ನು ಬದಿಗಿರಿಸಿ, ಹಂಚಿಕೆಯ ವಿಧಾನದತ್ತ ಹೊರಳಿದೆ.

ಲಾಭದಲ್ಲಿ ಪಾಲು

ಮುಕ್ತ ಸಾಗರದಲ್ಲಿ ಜೀವಿಗಳ ಮಾದರಿ ಸಂಗ್ರಹಿಸುವವರು ಸಾಮಾನ್ಯವಾಗಿ ಆರು ತಿಂಗಳು ಮೊದಲೇ ಒಪ್ಪಂದದ ಮಾಹಿತಿ ಕೇಂದ್ರಕ್ಕೆ ವಿವರ ಒದಗಿಸಬೇಕು. ಮಾದರಿಗಳಷ್ಟೇ ಅಲ್ಲ, ಅವುಗಳಿಂದ ಪಡೆದ ಡಿಜಿಟಲ್ ವಂಶವಾಹಿ ಮಾಹಿತಿಯೂ ಈ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಹಣಕಾಸಿನ ಲಾಭ ಹಂಚುವ ಅಂತಿಮ ಸೂತ್ರವನ್ನು ಸದಸ್ಯ ರಾಷ್ಟ್ರಗಳ ಸಮ್ಮೇಳನ ನಿರ್ಧರಿಸಲಿದೆ. ಅಲ್ಲಿಯವರೆಗೆ ಮುಂದುವರಿದ ಸದಸ್ಯ ರಾಷ್ಟ್ರಗಳು ಒಪ್ಪಂದದ ಬಜೆಟ್‌ಗೆ ಸಲ್ಲಿಸುವ ವಂತಿಗೆಯ ಶೇ 50ರಷ್ಟು ಮೊತ್ತವನ್ನು ಪ್ರತ್ಯೇಕವಾಗಿ ವಿಶೇಷ ನಿಧಿಗೆ ನೀಡಬೇಕು. ಬಡ ರಾಷ್ಟ್ರಗಳಿಗೆ ತಂತ್ರಜ್ಞಾನ ಮತ್ತು ತರಬೇತಿ ಒದಗಿಸುವುದೂ ಸದಸ್ಯರ ಹೊಣೆ.

ಮತದಾನದಿಂದ ರಕ್ಷಿತ ವಲಯ

2016ರಲ್ಲಿ ಅಂಟಾರ್ಕ್ಟಿಕದ ರಾಸ್ ಸಮುದ್ರದ ಸುಮಾರು 15.5 ಲಕ್ಷ ಚದರ ಕಿ.ಮೀ. ಪ್ರದೇಶವನ್ನು ರಕ್ಷಿತ ವಲಯವೆಂದು ಘೋಷಿಸಲು ಅಲ್ಲಿನ ಸಂರಕ್ಷಣಾ ಆಯೋಗದ ಎಲ್ಲ ಸದಸ್ಯರ ಒಮ್ಮತ ಬೇಕಾಗಿತ್ತು. ಒಂದೇ ದೇಶ ತಲೆಯಾಡಿಸದಿದ್ದರೂ ಪ್ರಸ್ತಾವ ನಿಲ್ಲುತ್ತಿತ್ತು. ಹೊಸ ಒಪ್ಪಂದ ಈ ಗಂಟನ್ನು ಸಡಿಲಿಸಿದೆ. ಒಮ್ಮತಕ್ಕೆ ನಡೆಸಿದ ಯತ್ನಗಳೆಲ್ಲ ವಿಫಲವಾದರೆ, ಹಾಜರಿದ್ದು ಮತ ಚಲಾಯಿಸಿದವರಲ್ಲಿ ನಾಲ್ಕನೇ ಮೂರು ಭಾಗದಷ್ಟು ಸದಸ್ಯರ ಬೆಂಬಲದಿಂದ ರಕ್ಷಿತ ವಲಯ ಘೋಷಿಸಬಹುದು. 2030ರ ವೇಳೆಗೆ ಭೂಮಿ ಮತ್ತು ಸಾಗರಗಳ ಶೇ 30ರಷ್ಟನ್ನು ರಕ್ಷಿಸುವ 2022ರ ಜಾಗತಿಕ ಗುರಿ ಮುಕ್ತ ಸಾಗರವನ್ನು ಬಿಟ್ಟು ಈಡೇರುವುದು ಕಷ್ಟ ಎಂಬುದು ಇದರ ಹಿಂದಿನ ಲೆಕ್ಕಾಚಾರ.

ಉಳಿದ ಕೊರತೆಗಳು

ಒಪ್ಪಂದಕ್ಕೆ ಮಿತಿಗಳೂ ಉಂಟು. ಮೀನುಗಾರಿಕೆಯು ಲಾಭ ಹಂಚಿಕೆಯ ನಿಯಮಗಳ ಹೊರಗಿದೆ. ಯುದ್ಧನೌಕೆಗಳಿಗೆ ವಿನಾಯಿತಿ ಇದೆ. ಘೋಷಿತ ವಲಯದ ಬಗ್ಗೆ 120 ದಿನಗಳೊಳಗೆ ಸಕಾರಣವಾಗಿ ಆಕ್ಷೇಪ ಸಲ್ಲಿಸಿದ ಸದಸ್ಯರನ್ನು ಆ ನಿರ್ಧಾರ ಬಂಧಿಸದು. ಹಾನಿಕಾರಕವಾಗಬಹುದಾದ ಚಟುವಟಿಕೆಗೆ ಪರಿಸರ ಪರಿಣಾಮದ ಅಧ್ಯಯನ ಕಡ್ಡಾಯವಾದರೂ, ಕೊನೆಯಲ್ಲಿ ಅನುಮತಿ ನೀಡುವ ಅಧಿಕಾರ ಆಯಾ ರಾಷ್ಟ್ರದ ಕೈಯಲ್ಲೇ ಉಳಿದಿದೆ. ಮೀನುಗಾರಿಕೆ, ಹಡಗು ಸಂಚಾರ ಮತ್ತು ಗಣಿಗಾರಿಕೆಗೆ ಈಗಾಗಲೇ ಇರುವ ಸಂಸ್ಥೆಗಳ ಅಧಿಕಾರಕ್ಕೆ ಧಕ್ಕೆ ತರುವಂತಿಲ್ಲ.

ಭಾರತದ ನಿಲುವು

ಭಾರತವು 2024ರ ಸೆಪ್ಟೆಂಬರ್ 25ರಂದು ಒಪ್ಪಂದಕ್ಕೆ ಸಹಿ ಹಾಕಿತು. ಆದರೆ ಅದು ಜಾರಿಗೆ ಬಂದ ದಿನ ಅನುಮೋದಿಸಿದವರ ಸಾಲಿನಲ್ಲಿ ಇರಲಿಲ್ಲ. ಅನುಮೋದಿಸಿದವರಿಗಷ್ಟೇ ಸಮ್ಮೇಳನದಲ್ಲಿ ಮತದ ಹಕ್ಕು. ಮಲ್ಪೆ, ಮಂಗಳೂರಿನ ಬೋಟುಗಳ ಮೀನುಗಾರಿಕೆ ಬಹುಮಟ್ಟಿಗೆ ದೇಶದ ಆರ್ಥಿಕ ವಲಯದೊಳಗೇ ನಡೆಯುವುದರಿಂದ ಅವುಗಳಿಗೆ ಈ ಕಾನೂನು ನೇರವಾಗಿ ತಟ್ಟದು. ದೇಶದ ಹಿತಾಸಕ್ತಿ ಅಡಗಿರುವುದು ಇನ್ನಷ್ಟು ದೂರದಲ್ಲಿ. ಮಧ್ಯ ಹಿಂದೂ ಮಹಾಸಾಗರದ ತಳದಲ್ಲಿ 75,000 ಚದರ ಕಿ.ಮೀ. ಪ್ರದೇಶದಲ್ಲಿ ಖನಿಜ ಶೋಧದ ಹಕ್ಕನ್ನು ಭಾರತ ಪಡೆದಿದೆ. ಗಣಿಗಾರಿಕೆಯ ಒಪ್ಪಿಗೆ ಕಿಂಗ್‌ಸ್ಟನ್‌ನ ಪ್ರಾಧಿಕಾರದ್ದಾದರೂ, ಆ ಖನಿಜಗಳ ನಡುವೆ ಬದುಕುವ ಜೀವಿಗಳ ಪ್ರಶ್ನೆ ಹೊಸ ಒಪ್ಪಂದಕ್ಕೂ ಸೇರಿದ್ದು.

ಜಾರಿಯಾದ ಒಂದು ವರ್ಷದೊಳಗೆ ಮೊದಲ ಸಮ್ಮೇಳನ ಸೇರಬೇಕೆಂಬುದು ನಿಯಮ. ಹಣಕಾಸು, ಮೇಲ್ವಿಚಾರಣೆ ಹಾಗೂ ಕಾರ್ಯವಿಧಾನದ ನಿಯಮಗಳು ಎಷ್ಟು ಬಿಗಿಯಾಗಿ ರೂಪುಗೊಳ್ಳುತ್ತವೆ ಎಂಬುದರ ಮೇಲೆ ಮುಕ್ತ ಸಾಗರಕ್ಕೆ ದೊರೆಯುವ ರಕ್ಷಣೆ ನಿಂತಿದೆ.