ಮೊಟ್ಟೆ ಹದವಾಗಿ ಒಣಗಲಿ

ಮನೆಯಲ್ಲೇ ಇನ್‌ಕ್ಯುಬೇಟರ್ ಇಟ್ಟು ನಾಟಿ ಕೋಳಿ ಮರಿ ಮಾಡಿಸುವವರಿಗೆ ಮೊಟ್ಟೆ ಒಣಗೀತೆಂಬ ಭಯ ಜಾಸ್ತಿ. ಹಾಗಾಗಿ ಮೊದಲ ದಿನದಿಂದಲೇ ತಟ್ಟೆ ತುಂಬ ನೀರಿಡುತ್ತಾರೆ. ಆದರೆ ಮೊಟ್ಟೆ ಒಣಗಲೇಬೇಕು. ಚಿಪ್ಪಿನ ಸಾವಿರಾರು ರಂಧ್ರಗಳಿಂದ ನೀರು ಆವಿಯಾದಂತೆಲ್ಲ ದಪ್ಪ ತುದಿಯಲ್ಲಿ ಗಾಳಿಗೂಡು ಹಿಗ್ಗುತ್ತದೆ. ಮರಿ ಮೊದಲ ಉಸಿರೆಳೆಯುವುದು ಅಲ್ಲಿಂದಲೇ. ತೇವ ಅತಿಯಾದರೆ ಗೂಡು ಕಿರಿದಾಗಿ, ಊದಿದ ಮರಿ ಹೊರಳಲಾಗದೆ ಚಿಪ್ಪಿನೊಳಗೇ ಸಾಯುತ್ತದೆ.

ಮೊದಲ 18 ದಿನ ತೇವಾಂಶ ಸುಮಾರು ಶೇ 45ರಿಂದ 55 ಇದ್ದರೆ ಸಾಕು. ಮಳೆಗಾಲದ ಕರಾವಳಿಯಲ್ಲಿ ತಟ್ಟೆಗೆ ನೀರೇ ಬೇಡವಾಗಬಹುದು, ಬೇಸಿಗೆಯ ರಾಯಚೂರಿನಲ್ಲಿ ದಿನವೂ ಬೇಕಾದೀತು. ತೇವ ಹೆಚ್ಚಿಸಲು ಅಗಲವಾದ ತಟ್ಟೆ ಇಡಬೇಕು. ನೀರಿನ ಆಳದಿಂದ ಪ್ರಯೋಜನವಿಲ್ಲ. ಅಗ್ಗದ ಹೈಗ್ರೋಮೀಟರನ್ನು ಕಣ್ಮುಚ್ಚಿ ನಂಬಬೇಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪನ್ನು ನೀರು ಹನಿಸಿ ಕೆಸರಿನಂತೆ ಕಲಸಿ, ಮೀಟರಿನ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಅದು ಶೇ 75ರ ಆಸುಪಾಸು ತೋರಿಸಬೇಕು.

ನನ್ನನ್ನು ಕೇಳಿದರೆ ಮೀಟರಿಗಿಂತ ತಕ್ಕಡಿಯೇ ಮೇಲು. 50 ಗ್ರಾಂ ಮೊಟ್ಟೆ 18ನೇ ದಿನಕ್ಕೆ 44 ಗ್ರಾಂ ಆಸುಪಾಸಿಗೆ ಇಳಿದಿದ್ದರೆ ಹದ ಸರಿಯಿದೆ. ಅಷ್ಟು ಇಳಿಯದಿದ್ದರೆ ನೀರು ಕಡಿಮೆ ಮಾಡಿ.

21 ದಿನದ ಲೆಕ್ಕ ಹಾಕಿದವರಿಗೆ 19ಕ್ಕೇ ಚಿಪ್ಪು ಬಿರಿದರೆ ಗಾಬರಿ. ಸಣ್ಣ ತಳಿಯ ಮೊಟ್ಟೆಗಳು ಒಂದು ದಿನ ಮುಂಚೆ ಒಡೆಯುವುದುಂಟು. ಉಳಿದಂತೆ ಶಾಖ ಹೆಚ್ಚಾಗಿರುವ ಸಂಭವವೇ ಜಾಸ್ತಿ: ಫ್ಯಾನ್ ಇರುವ ಪೆಟ್ಟಿಗೆಯಲ್ಲಿ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು, ದಿನಗಟ್ಟಲೆ ಅರ್ಧ ಡಿಗ್ರಿ ಏರಿದರೂ ಮರಿ ಬೇಗ ಬರುತ್ತದೆ. ಹಾಗೆ ಬಂದ ಮರಿಯ ಹೊಕ್ಕುಳು ಸರಿಯಾಗಿ ಮುಚ್ಚಿರದಿರಬಹುದು.

18ನೇ ದಿನ ಮುಗಿದೊಡನೆ, ಬಿರುಕು ಕಾಣುವವರೆಗೆ ಕಾಯದೆ, ಮೊಟ್ಟೆ ತಿರುಗಿಸುವುದನ್ನು ನಿಲ್ಲಿಸಿ, ಬಿಸಿನೀರು ಹಾಕಿ ತೇವಾಂಶ ಶೇ 65–70ಕ್ಕೆ ಏರಿಸಿ, ಮುಚ್ಚಳ ಹಾಕಿ. ಆಮೇಲೆ ತೆಗೆಯಬೇಡಿ. ತೆರೆದರೆ ತೇವ ಹೊರಬಿದ್ದು, ಒಳಪೊರೆ ಒಣಗಿ ಮರಿಯ ಮೈಗೆ ಬಿಗಿಯಾಗಿ ಅಂಟುತ್ತದೆ. ಬಿರುಕಿನಿಂದ ಹೊರಬರಲು 12ರಿಂದ 24 ಗಂಟೆ ಬೇಕಾಗಬಹುದು. ಆ ಹೊತ್ತಿನಲ್ಲಿ ರಕ್ತನಾಳಗಳು ಬತ್ತಿ, ಹಳದಿ ಭಂಡಾರ ಹೊಟ್ಟೆಯೊಳಗೆ ಸೇರುತ್ತದೆ. ಅವಸರದಲ್ಲಿ ಚಿಪ್ಪು ಕಿತ್ತರೆ ರಕ್ತ ಸುರಿಯುತ್ತದೆ. ಮೊದಲು ಬಂದ ಮರಿಗೆ ಹಸಿವಾದೀತೆಂಬ ಚಿಂತೆ ಬೇಡ, ಆ ಹಳದಿಯೇ ಎರಡು ದಿನದ ಆಹಾರ. ಒದ್ದೆ ಪುಕ್ಕ ಆರಿದ ಮೇಲೆ ಎಲ್ಲವನ್ನೂ ಒಟ್ಟಿಗೆ 35 ಡಿಗ್ರಿಯ ಬ್ರೂಡರಿಗೆ ಸಾಗಿಸಿ.